ಬಂದರಿನ ಹಳೆ ಮನೆ ಕೆಡವಿ ಪಂಚಾಂಗ (ಅಡಿಪಾಯ) ತೆಗೆಯುವಾಗ ಅಡಿಯಲ್ಲಿ ಇನ್ನೊಂದು ಗೋಡೆ ಸಿಕ್ಕಿದೆ, ಯಾರಿಗೆ ಹೇಳುದು?

ಬಂದರ್ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಉದ್ದ ಆದ್ರೂ ಪೂರ್ತಿ ಓದಿ ಮಾರಾಯ್ರೆ. ಮಂಗಳೂರು ಬಂದರಿನ ಹತ್ರ ನಮ್ಮ ಅಜ್ಜನ ಕಾಲದ ಮನೆ, ಅದಕ್ಕೆ ತಾಗಿಕೊಂಡು ಒಂದು ಗೋದಾಮು ಇತ್ತು. ಹಂಚಿನ ಮಾಡು, ಮುರಕಲ್ಲಿನ (ನಮ್ಮ ಕರಾವಳಿಯ ಕೆಂಪು ಕಲ್ಲು) ಗೋಡೆ. ಮಾಡು ಕುಸಿದು ಯಾರೂ ಇರ್ಲಿಕ್ಕೆ ಆಗದ ಹಾಗೆ ಆದ ಮೇಲೆ ಕುಟುಂಬದವರೆಲ್ಲ ಒಪ್ಪಿ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಾಯ್ತು. ಅಡಿಯಲ್ಲಿ ಪಾರ್ಕಿಂಗ್, ಮೇಲೆ ಅಂಗಡಿ, ಅದರ ಮೇಲೆ ಫ್ಲಾಟ್ ಅಂತ ಪ್ಲಾನ್.

ಈಗ ಹಿಟಾಚಿ ಬಂದು ಪಾರ್ಕಿಂಗಿಗೆ ಮಣ್ಣು ತೆಗೀತಾ ಉಂಟು. ನಮ್ಮ ಮನೆಯ ಪಂಚಾಂಗ ಎಲ್ಲ ಎದ್ದು ಹೋದ ಮೇಲೆ ಅದಕ್ಕಿಂತ ಕೆಳಗೆ, ಹೆಚ್ಚುಕಡಿಮೆ ಒಂದಾಳು ಆಳದಲ್ಲಿ ಮತ್ತೊಂದು ಗೋಡೆ ಕಾಣ್ಲಿಕ್ಕೆ ಶುರುವಾಯ್ತು. ಅದೂ ಮುರಕಲ್ಲೇ, ಆದ್ರೆ ಕಲ್ಲಿನ ಅಳತೆ ಬೇರೆ, ದಪ್ಪ ಜಾಸ್ತಿ, ಮತ್ತೆ ಅದು ನಮ್ಮ ಮನೆಗೆ ನೇರ ಇಲ್ಲ, ಓರೆಯಾಗಿ ಹೊಳೆಯ ಕಡೆ ಮುಖ ಮಾಡಿ ಹೋಗ್ತದೆ. ಅದರ ಪಕ್ಕದಲ್ಲಿ ಕಪ್ಪು ಮಣ್ಣು, ಅದರಲ್ಲಿ ಮರುವಾಯಿ ಚಿಪ್ಪು ರಾಶಿ ರಾಶಿ, ಮಡಕೆ ಚೂರು, ನೀಲಿ ಬಿಳಿ ಪಿಂಗಾಣಿಯ ಒಂದು ತುಂಡು, ಮತ್ತೆ ಕೈಯಷ್ಟು ದೊಡ್ಡದಾದ ಹಸಿರು ಬಣ್ಣದ ಒಂದು ಗಟ್ಟಿ. ಕಲ್ಲು ಅಂತ ಎತ್ತಿದ್ರೆ ಕಲ್ಲಿಗಿಂತ ಭಾರ ಉಂಟು, ಮೇಲೆಲ್ಲ ಗುಳ್ಳೆ ಗುಳ್ಳೆ.

ಮಾವಂದಿರು ಹೇಳುದು ಸುಮ್ಮನೆ ಇರು, ಯಾರಿಗೂ ಹೇಳ್ಬೇಡ, ಸರ್ಕಾರದವರು ಬಂದ್ರೆ ಜಾಗವೇ ಹೋಗ್ತದೆ ಅಂತ. ಬಿಲ್ಡರ್ ಒಳ್ಳೆಯವರೇ, ಆದ್ರೆ ಮಳೆಗೆ ಮುಂಚೆ ರಾಫ್ಟ್ ಕಾಂಕ್ರೀಟ್ (ಕಟ್ಟಡದ ಅಡಿಗೆ ಇಡೀ ಹಾಸುವ ಕಾಂಕ್ರೀಟ್ ಅಡಿಪಾಯ) ಹಾಕ್ಲೇಬೇಕು ಅಂತಾರೆ, ಅದೂ ನ್ಯಾಯವೇ. ನನಗೆ ಮಾತ್ರ ಅದನ್ನ ಹಾಗೇ ಟಿಪ್ಪರಿಗೆ ತುಂಬಿಸಿ ಕಳಿಸ್ಲಿಕ್ಕೆ ಮನಸ್ಸು ಬರುದಿಲ್ಲ. ಕೆಲಸ ನಿಲ್ಲಿಸದೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ? ಯಾರಿಗೆ ಹೇಳ್ಬೇಕು? ಹೇಳಿದ್ರೆ ನಿಜವಾಗ್ಲೂ ಜಾಗ ಹೋಗ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸೈಟ್ ಇಂಜಿನಿಯರ್, ಸುರತ್ಕಲ್

ಅಕ್ಕ, ಮೊದಲು ನಾಳೆ ಬೆಳಿಗ್ಗೆ ಮಾಡ್ಬೇಕಾದ್ದು ಹೇಳ್ತೇನೆ, ಕಾನೂನು ಗೊತ್ತಿದ್ದವರು ಆಮೇಲೆ ಬರ್ಲಿ.

ಹಿಟಾಚಿಯ ಬಕೆಟಿಗೆ ಹಲ್ಲು ಇರ್ತದಲ್ಲ, ಆ ಹಲ್ಲಿನ ಬಕೆಟಿನಲ್ಲಿ ಎಳೆದ್ರೆ ಎಂತದೂ ಕಾಣುದಿಲ್ಲ, ಗೋಡೆ ಮಣ್ಣು ಚಿಪ್ಪು ಎಲ್ಲ ಒಟ್ಟಿಗೆ ಕಲಸಿ ಬರ್ತದೆ. ಹಲ್ಲಿಲ್ಲದ ಅಗಲ ಬಕೆಟ್ ಉಂಟು, ತೋಡು ಕ್ಲೀನ್ ಮಾಡ್ಲಿಕ್ಕೆ ಹಾಕುದು. ಆಪರೇಟರಿಗೆ ಹೇಳಿ ಅದನ್ನ ಹಾಕಿಸಿ, ಆಮೇಲೆ ಒಂದೊಂದು ಗೇಣು ಮಾತ್ರ ಹೆರೆದ ಹಾಗೆ ತೆಗೀಲಿಕ್ಕೆ ಹೇಳಿ. ಸ್ವಲ್ಪ ನಿಧಾನ ಆಗ್ತದೆ, ಆದ್ರೆ ಕೆಲಸ ನಿಲ್ಲುದಿಲ್ಲ. ಒಳ್ಳೆ ಆಪರೇಟರ್ ಆದ್ರೆ ಮಣ್ಣಿನ ಬಣ್ಣ ಬದಲಾದ್ದು ನಿಮಗಿಂತ ಮೊದಲು ಅವನಿಗೇ ಗೊತ್ತಾಗ್ತದೆ, ಲಿವರಿನಲ್ಲೇ ಗೊತ್ತಾಗ್ತದೆ ಅವರಿಗೆ. ಅವನ ಹತ್ರ ಕೂತು ಒಂದು ಚಾ ಕುಡಿದು ಎಂತ ನೋಡ್ಬೇಕು ಅಂತ ವಿವರಿಸಿ, ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಮತ್ತೆ ಸೈಟ್ ಪೂರ್ತಿ ಒಂದೇ ಸಲ ತೆಗೀಬೇಕು ಅಂತ ಇಲ್ಲ. ಗೋಡೆ ಇರುವ ಮೂಲೆಯನ್ನ ಕೊನೆಗೆ ಇಟ್ಟುಕೊಳ್ಳಿ, ಬೇರೆ ಕಡೆ ಪಿಸಿಸಿ (ಕಬ್ಬಿಣ ಇಲ್ಲದ ತಳದ ಕಾಂಕ್ರೀಟ್) ಹಾಕ್ತಾ ಬರ್ಲಿ, ಅಷ್ಟರಲ್ಲಿ ಆ ಮೂಲೆಯನ್ನ ನೋಡ್ಲಿಕ್ಕೆ ಟೈಮ್ ಸಿಗ್ತದೆ. ಬಂದರಿನಲ್ಲಿ ಆ ಆಳಕ್ಕೆ ಹೋದ್ರೆ ನೀರು ಗ್ಯಾರಂಟಿ, ಪಂಪ್ ಹಗಲು ರಾತ್ರಿ ಓಡ್ತಾ ಇರ್ತದೆ. ಪಂಪಿನ ಗುಂಡಿಯನ್ನ ಆ ಗೋಡೆಯ ಬುಡದಲ್ಲೇ ತೋಡಿಸ್ಬೇಡಿ. ಹತ್ತಿರದ ಮನೆಯ ಗೋಡೆ ಇದ್ರೆ ಮಣ್ಣು ಕಡಿದಾಗಿ ಬಿಟ್ಟು ಇಳೀಲಿಕ್ಕೆ ಯಾರನ್ನೂ ಬಿಡ್ಬೇಡಿ, ಫೋಟೋ ತೆಗೀಲಿಕ್ಕೆ ಅಂತ ಗುಂಡಿ ಅಂಚಿಗೆ ಹೋಗಿ ನಿಲ್ಲುದು ಬೇಡ. ಕಪ್ಪು ಮಣ್ಣು, ಚಿಪ್ಪಿನ ಮಣ್ಣು ಸಡಿಲ, ಒಮ್ಮೆಲೇ ಜಾರ್ತದೆ. ಹೆಲ್ಮೆಟ್ ಹಾಕಿ.

ಒಂದು ವಿಷಯ ಬೇಜಾರಿನಿಂದ ಹೇಳ್ತೇನೆ. ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಕಲ್ಲು ಕಟ್ಟಿದ ಚಂದದ ಬಾವಿ ಬಂತು, ಕಟ್ಟೆಯಲ್ಲಿ ಹಗ್ಗ ತಾಗಿ ತಾಗಿ ಗೀರು ಬಿದ್ದದ್ದು ಸ್ಪಷ್ಟ ಕಾಣ್ತಿತ್ತು. ಜಾಗದ ಯಜಮಾನರು ರಾತ್ರಿಯೇ ಜಲ್ಲಿ ಹುಡಿ ಸುರಿದು ಮುಚ್ಚಿಸಿದ್ರು, ಒಂದು ಅಳತೆ ಕೂಡ ತೆಗೀಲಿಕ್ಕೆ ಆಗಲಿಲ್ಲ. ಅದೇ ಹಂಪನಕಟ್ಟೆ ಸಿಗ್ನಲ್ ಹತ್ರ ರಸ್ತೆ ಅಡಿಯಿಂದ ಹಳೆ ಬಾವಿ ಬಂದಾಗ ಎಷ್ಟು ಜನ ನಿಂತು ನೋಡಿದ್ರು, ಎಷ್ಟು ಚರ್ಚೆ ಆಯ್ತು ನೆನಪುಂಟಲ್ಲ. ನೋಡುವ ಮನಸ್ಸು ನಮ್ಮೂರಿನ ಜನಕ್ಕೆ ಉಂಟು, ಗೋಡೆ ಕಟ್ಟಿದ ಸೈಟಿನ ಒಳಗೆ ಎಂತ ಆಗ್ತದೆ ಅಂತ ಅವರಿಗೆ ಗೊತ್ತಾಗುದಿಲ್ಲ ಅಷ್ಟೆ.

ಉಡುಪಿಯವ, ಈಗ ಯಾರ್ಕ್‌ಶೈರ್

ನಮಸ್ಕಾರ ಅಕ್ಕ. ನಾನು ಉಡುಪಿ ಕಡೆಯವ, ಇಲ್ಲಿ ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುದು, ಅಂದ್ರೆ ಹಳೇ ಊರಿನಲ್ಲಿ ಯಾರಾದ್ರೂ ಕಟ್ಟಡ ಕೆಡವಿ ಹೊಸತು ಕಟ್ಟುವಾಗ ಹಿಟಾಚಿಯ ಪಕ್ಕದಲ್ಲಿ ನಿಂತು ನೋಡುದು. ಇದಕ್ಕೆ ಇಲ್ಲಿ ವಾಚಿಂಗ್ ಬ್ರೀಫ್ ಅಂತಾರೆ. ಎಂತಾದ್ರೂ ಕಂಡ್ರೆ ಕೈ ಎತ್ತುದು, ಮಷೀನ್ ನಿಲ್ತದೆ, ನಾವು ಇಳಿದು ಕ್ಲೀನ್ ಮಾಡಿ ಫೋಟೋ ತೆಗೆದು ಡ್ರಾಯಿಂಗ್ ಮಾಡಿ ಅಳತೆ ಬರ್ಕೊಂಡು ಮೇಲೆ ಬರುದು, ಮಷೀನ್ ಮತ್ತೆ ಶುರು. ಹೆಚ್ಚಿನ ದಿನ ಎಂತದೂ ಸಿಗುದಿಲ್ಲ, ಮಳೆಗೆ ನೆನೆದು ಮನೆಗೆ ಬರುದು. ಎಂತದೂ ಇಲ್ಲ ಅಂತಲೂ ರಿಪೋರ್ಟ್ ಬರೀಬೇಕು, ಯಾಕಂದ್ರೆ ಇಲ್ಲಿ ಹಳೆ ಊರು ಇರಲಿಲ್ಲ ಅನ್ನುದೂ ಒಂದು ಮಾಹಿತಿಯೇ.

ಇಲ್ಲಿಯೂ ಇದು ಸುಮ್ಮನೆ ಬಂದದ್ದಲ್ಲ. 1989ರಲ್ಲಿ ಲಂಡನ್ನಿನಲ್ಲಿ ಆಫೀಸ್ ಕಟ್ಟಡಕ್ಕೆ ಅಗೆಯುವಾಗ ಷೇಕ್ಸ್‌ಪಿಯರ್ ಕಾಲದ ರೋಸ್ ಅನ್ನುವ ನಾಟಕಶಾಲೆಯ ಅಡಿಪಾಯ ಸಿಕ್ಕಿ ದೊಡ್ಡ ಗಲಾಟೆ ಆಯ್ತು, ನಟರೆಲ್ಲ ಬೀದಿಗಿಳಿದ್ರು. ಮರುವರ್ಷ 1990ರಲ್ಲಿ ಸರ್ಕಾರ ಒಂದು ಪ್ಲಾನಿಂಗ್ ಸೂಚನೆ ತಂತು. ಕಟ್ಟುವವರು ಪರ್ಮಿಷನ್ ಕೇಳುವಾಗಲೇ ನೆಲದಡಿ ಎಂತ ಇರಬಹುದು ಅಂತ ನೋಡ್ಬೇಕು, ಅದರ ಖರ್ಚನ್ನೂ ಅವರೇ ಹಾಕ್ಬೇಕು ಅಂತ ಆಯ್ತು. ಅದಕ್ಕಿಂತ ಮೊದಲು 1979ರ ಕಾಯ್ದೆಯಲ್ಲಿ ಯಾರ್ಕ್, ಚೆಸ್ಟರ್, ಎಕ್ಸೆಟರ್, ಹೆರೆಫರ್ಡ್, ಕ್ಯಾಂಟರ್‌ಬರಿ ಈ ಐದು ಊರಿನ ಹಳೇ ಭಾಗಕ್ಕೆ ಮಾತ್ರ ಒಂದು ನಿಯಮ ಇತ್ತು, ನೆಲ ಅಗೆಯುವ ಆರು ವಾರ ಮೊದಲು ನೋಟಿಸ್ ಕೊಡ್ಬೇಕು ಅಂತ. ನಮ್ಮಲ್ಲಿ ಕಟ್ಟುವವರಿಗೆ ಅಂಥ ಕಟ್ಟಳೆ ಇಲ್ಲ, ಹಾಗಾಗಿ ನೀವು ಸ್ವಂತ ಮನಸ್ಸಿನಿಂದ ಕೇಳ್ತಾ ಇರುದು ನೋಡಿ ನನಗೆ ಎಷ್ಟು ಖುಷಿ ಆಯ್ತು ಹೇಳ್ಲಿಕ್ಕೆ ಆಗುದಿಲ್ಲ.

ಈಗ ನಿಮ್ಮ ಗುಂಡಿಗೆ ಬರ್ತೇನೆ. ವಸ್ತುವಿಗಿಂತ ಅದು ಎಲ್ಲಿ ಇತ್ತು ಅನ್ನುದಕ್ಕೆ ಬೆಲೆ ಜಾಸ್ತಿ. ಮಡಕೆ ಚೂರನ್ನ ಬುಟ್ಟಿಯಲ್ಲಿ ಹಾಕಿ ತಂದು ಕೊಟ್ರೆ ಯಾರಿಗೂ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ. ಅದೇ ಚೂರು ಗೋಡೆಯ ಅಡಿಯ ಮಣ್ಣಿನಲ್ಲಿ ಇತ್ತಾ, ಗೋಡೆಗೆ ಒರಗಿದ ಮಣ್ಣಿನಲ್ಲಿ ಇತ್ತಾ, ಗೋಡೆ ಬಿದ್ದ ಮೇಲೆ ತುಂಬಿದ ಮಣ್ಣಿನಲ್ಲಿ ಇತ್ತಾ ಅಂತ ಗೊತ್ತಿದ್ರೆ ಗೋಡೆ ಯಾವಾಗ ಕಟ್ಟಿದ್ದು, ಯಾವಾಗ ಬಿತ್ತು ಎರಡೂ ಹೇಳ್ಲಿಕ್ಕೆ ದಾರಿ ಆಗ್ತದೆ.

ಹಾಗಾಗಿ ಗುಂಡಿಯ ಒಂದು ಬದಿಯ ಮಣ್ಣಿನ ಗೋಡೆಯನ್ನ, ಜಾರುವ ಭಯ ಇಲ್ಲದ ಕಡೆ, ಹಾರೆಯಿಂದ ನೇರ ಹೆರೆಸಿ, ಹಿಡಿಸೂಡಿಯಲ್ಲಿ ಮೆಲ್ಲ ಗುಡಿಸಿ. ಬೆಳಿಗ್ಗೆ ಬೇಗ, ಬಿಸಿಲು ನೇರ ಬೀಳುವ ಮೊದಲು ನೋಡಿ, ಒದ್ದೆ ಇರುವಾಗ ಬಣ್ಣದ ವ್ಯತ್ಯಾಸ ಚೆನ್ನಾಗಿ ಕಾಣ್ತದೆ. ಮೇಲೆ ನಿಮ್ಮ ಮನೆಯ ನೆಲ, ಅದರ ಅಡಿ ಕೆಂಪು ಮಣ್ಣಿನ ಫಿಲ್ಲಿಂಗ್, ಆಮೇಲೆ ಹಂಚಿನ ಚೂರಿರುವ ಪದರ, ಆಮೇಲೆ ಕಪ್ಪು, ಆಮೇಲೆ ಚಿಪ್ಪು, ಹೀಗೆ ಪಟ್ಟಿ ಪಟ್ಟಿ ಕಾಣಬೇಕು. ಪ್ರತಿ ಪಟ್ಟಿಗೂ ಒಂದು ನಂಬರ್ ಕೊಡಿ. ಪಕ್ಕದಲ್ಲಿ ಮೇಸ್ತ್ರಿಯ ಅಳತೆ ಕೋಲು ನಿಲ್ಲಿಸಿ ಫೋಟೋ ತೆಗೀರಿ, ಯಾವ ದಿಕ್ಕಿನಿಂದ ತೆಗೆದದ್ದು ಅಂತ ಬರೀರಿ. ಆಳವನ್ನ ರಸ್ತೆಯ ಅಂಚಿನ ಯಾವುದಾದ್ರೂ ಬದಲಾಗದ ಒಂದು ಕಲ್ಲಿನಿಂದ ಅಳೀರಿ, ಇಂಜಿನಿಯರ್ ಹತ್ರ ಡಂಪಿ ಲೆವೆಲ್ (ಎತ್ತರ ತಗ್ಗು ಅಳೆಯುವ ಯಂತ್ರ) ಇದ್ದೇ ಇರ್ತದೆ. ಯಾವ ನಂಬರಿನ ಮಣ್ಣಿನಿಂದ ಬಂದ ಚೂರು ಆ ನಂಬರಿನ ತೊಟ್ಟೆಗೇ (ಪ್ಲಾಸ್ಟಿಕ್ ಚೀಲಕ್ಕೇ) ಹೋಗ್ಬೇಕು, ಟಿಪ್ಪರಿಗೆ ಹೋದ ರಾಶಿಯಿಂದ ಹೆಕ್ಕಿದ್ದಾದ್ರೆ ರಾಶಿಯದ್ದು ಅಂತಲೇ ಬರೀರಿ. ಪದರಗಳ ಲೆಕ್ಕವನ್ನ ಕಾಗದದಲ್ಲಿ ಚೌಕ ಚೌಕ ಹಾಕಿ ಯಾವುದು ಯಾವುದರ ಮೇಲೆ ಅಂತ ಗೆರೆ ಎಳೆಯುವ ಒಂದು ಪದ್ಧತಿ ಉಂಟು, 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ಅನ್ನುವವರು ಮಾಡಿದ್ದು, ಇಡೀ ಜಗತ್ತಿನಲ್ಲಿ ಅದೇ ನಡೀತದೆ. ಫೋಟೋ ಇಲ್ಲಿ ಹಾಕಿದ್ರೆ ನಾನೇ ಹಾಕಿ ತೋರಿಸ್ತೇನೆ.

ಚಿಪ್ಪಿನ ಪದರವನ್ನ ಕಸ ಅಂತ ಬಿಡ್ಬೇಡಿ. ನಮ್ಮ ಕರಾವಳಿಯ ಕೆಂಪು ಮಣ್ಣು ಹುಳಿ, ಅಷ್ಟು ಮಳೆಗೆ ಎಲುಬು ಉಳಿಯುದೇ ಕಷ್ಟ, ಕರಗಿ ಹೋಗ್ತದೆ. ಆದ್ರೆ ಚಿಪ್ಪಿನಲ್ಲಿ ಸುಣ್ಣ ಉಂಟು, ಅದು ಆ ಹುಳಿಯನ್ನ ಕಡಿಮೆ ಮಾಡ್ತದೆ, ಹಾಗಾಗಿ ಚಿಪ್ಪಿನ ರಾಶಿಯ ಒಳಗೆ ಮೀನಿನ ಮುಳ್ಳು, ಎಲುಬು ಉಳಿದಿರುವ ಸಾಧ್ಯತೆ ಜಾಸ್ತಿ. ಒಂದೆರಡು ಗೋಣಿ ಅಳತೆ ಆ ಮಣ್ಣನ್ನ ಹಾಗೇ ತೆಗೆದು ಇಡಿ, ಆಮೇಲೆ ನೀರಿನಲ್ಲಿ ಜರಡಿ ಹಿಡಿಯಬಹುದು. ಇನ್ನೂ ಕೆಳಗೆ ಯಾವಾಗ್ಲೂ ನೀರಲ್ಲೇ ಇರುವ ಕೆಸರು ಬಂದ್ರೆ ಮತ್ತೂ ಜಾಗ್ರತೆ, ಗಾಳಿ ಹೋಗದ ಕೆಸರಿನಲ್ಲಿ ಮರ, ಹಗ್ಗ, ಚರ್ಮ ಉಳೀತದೆ. ನಾನಿರುವ ಈ ಯಾರ್ಕಿನ ಕಾಪರ್‌ಗೇಟಿನಲ್ಲಿ ಶಾಪಿಂಗ್ ಸೆಂಟರ್ ಕಟ್ಟುವ ಮೊದಲು 1976ರಿಂದ 1981ರ ತನಕ ಅಗೆದಾಗ ವೈಕಿಂಗರ ಕಾಲದ ಮರದ ಮನೆ, ಬೂಟು, ಬಟ್ಟೆ ಸಿಕ್ಕಿದ್ದು ಹಾಗೇ. ಈಗ ಅದೇ ಜಾಗದಲ್ಲಿ ಅಂಗಡಿಗಳೂ ಉಂಟು, ಅಡಿಯಲ್ಲಿ ಮ್ಯೂಸಿಯಮ್ಮೂ ಉಂಟು.

ಆ ಹಸಿರು ಗಟ್ಟಿ ಓದಿ ನನಗೆ ನಿದ್ದೆ ಬರಲಿಲ್ಲ. ಭಾರ, ಗುಳ್ಳೆ, ಹಸಿರು ಅಂದ್ರೆ ತಾಮ್ರ ಅಥವಾ ಕಂಚು ಕರಗಿಸಿದಾಗ ಉಳಿಯುವ ಕಿಟ್ಟ ಇರಬಹುದು. ನೋಡದೆ ಖಂಡಿತ ಅಂತ ಹೇಳುದಿಲ್ಲ. ಆದ್ರೆ ಮಂಗಳೂರಿನಲ್ಲಿ 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಇದ್ದ, 1130ರ ದಶಕದಿಂದ 1149ರ ತನಕ. ಅವನದ್ದು ಇಲ್ಲಿ ಕಂಚಿನ ಪಾತ್ರೆ ಮಾಡುವ ಕಾರ್ಖಾನೆ ಇತ್ತು, ಯಮನಿನ ಏಡನ್ ಬಂದರಿನವರು ಒಡೆದ ಪಾತ್ರೆ ಕಳಿಸಿ ಹೊಸತು ಮಾಡಿಸಿ ಕೊಡು ಅಂತ ಬರೆದ ಪತ್ರಗಳೆಲ್ಲ ಕೈರೋದ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ ಉಳಿದು ಬಂದಿವೆ. ಆ ಕಾರ್ಖಾನೆ ಎಲ್ಲಿತ್ತು ಅಂತ ನೆಲದಲ್ಲಿ ತೋರಿಸ್ಲಿಕ್ಕೆ ಇವತ್ತಿಗೂ ಯಾರಿಗೂ ಆಗುದಿಲ್ಲ. ನಿಮ್ಮದು ಅದೇ ಅಂತ ದಯವಿಟ್ಟು ಯಾರೂ ಹೊರಟುಬಿಡ್ಬೇಡಿ, ಕಂಚುಗಾರರು ಮಂಗಳೂರಿನಲ್ಲಿ ಎಲ್ಲ ಕಾಲದಲ್ಲೂ ಇದ್ರು. ಆದ್ರೆ ಕಿಟ್ಟ, ಮೂಸೆಯ (ಲೋಹ ಕರಗಿಸುವ ಮಣ್ಣಿನ ಪಾತ್ರೆಯ) ಚೂರು, ಸುಟ್ಟ ಜೇಡಿಮಣ್ಣು ಮೂರೂ ಒಂದೇ ಪದರದಲ್ಲಿ ಸಿಕ್ಕಿದ್ರೆ ಅದು ಕೆಲಸ ನಡೆದ ಜಾಗ. ಅದನ್ನ ತೊಳೀಬೇಡಿ, ಉಜ್ಜಬೇಡಿ, ಹುಣಸೆಹಣ್ಣು ಹಾಕಿ ತಿಕ್ಕುದಂತೂ ಬೇಡವೇ ಬೇಡ. ಒಣ ಕಾಗದದಲ್ಲಿ ಸುತ್ತಿ ಇಡಿ.

ಕಡಬದ ಹುಡುಗ

ಎಲ್ಲ ಸರಿ ಸರ್, ಆದ್ರೆ ಬ್ಯಾಂಕ್ ಲೋನಿನ ಬಡ್ಡಿ ಯಾರು ಕಟ್ಟುದು? ಒಂದು ತಿಂಗಳು ತಡ ಆದ್ರೆ ಮಳೆಗಾಲ ಬಂದು ನಾಲ್ಕು ತಿಂಗಳು ಹೋಗ್ತದೆ. ಹೊರದೇಶದಲ್ಲಿ ನಿಯಮ ಉಂಟು, ದುಡ್ಡು ಉಂಟು. ಇಲ್ಲಿ ಒಂದು ಸಾಧಾರಣ ಕುಟುಂಬ ತನ್ನ ಇಪ್ಪತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವಾಗ ಇಡೀ ಊರಿನ ಚರಿತ್ರೆಯ ಭಾರ ಅವರ ತಲೆ ಮೇಲೆ ಹಾಕುದು ನ್ಯಾಯವಾ? ಕೋಪದಿಂದ ಕೇಳುದಲ್ಲ, ನಿಜವಾಗಿ ಕೇಳುದು.

ಉಡುಪಿಯವ, ಈಗ ಯಾರ್ಕ್‌ಶೈರ್

ನ್ಯಾಯದ ಪ್ರಶ್ನೆ ಅಣ್ಣ. ಖರ್ಚು ಜಾಗದವರ ಮೇಲೆ ಪೂರ್ತಿ ಬೀಳಬಾರದು, ಸರ್ಕಾರವೋ ನಗರಪಾಲಿಕೆಯೋ ಅದಕ್ಕೆ ಒಂದು ವ್ಯವಸ್ಥೆ ಮಾಡ್ಬೇಕು, ಹಳೇ ಬಂದರು, ಕದ್ರಿ, ಮಂಗಳಾದೇವಿ, ಬಾರ್ಕೂರು, ಉದ್ಯಾವರ ಇಂಥ ಕಡೆ ಲೈಸೆನ್ಸ್ ಕೊಡುವಾಗಲೇ ಒಬ್ಬ ನೋಡುವವನನ್ನ ಕಳಿಸುವ ಹಾಗೆ. ಅದು ಆಗುವ ತನಕ ಕಾಯ್ತಾ ಕೂತ್ರೆ ಬಂದರಿನ ನೆಲ ಪೂರ್ತಿ ಪಾರ್ಕಿಂಗ್ ಆಗಿರ್ತದೆ. ನಾನು ಹೇಳುದು ನಿಲ್ಲಿಸಿ ಅಂತಲ್ಲ, ತೆಗೆಯುವಾಗ ನೋಡಿ ಅಂತ. ಹಲ್ಲಿಲ್ಲದ ಬಕೆಟಿಗೆ, ತೊಟ್ಟೆಗೆ, ಮಾರ್ಕರ್ ಪೆನ್ನಿಗೆ ಬಡ್ಡಿ ಬೀಳುದಿಲ್ಲ. ಗೋಡೆ ಹೋಗ್ಲಿ ಬೇಕಾದ್ರೆ, ಅದು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು, ಯಾವುದರ ಮೇಲೆ ಕೂತಿತ್ತು ಅನ್ನುದು ಕಾಗದದಲ್ಲಿ ಉಳೀಬೇಕು. ಹೊಳೆಯ ಕಡೆ ಓರೆಯಾಗಿ ಹೋಗುವ ಗೋಡೆ ಅಂದ್ರೆ ಆ ಕಾಲದ ಓಣಿ ಈಗಿನ ರಸ್ತೆಯ ಹಾಗೆ ಇರಲಿಲ್ಲ, ಧಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ನೇರ ಇಳೀತಿತ್ತು ಅಂತ ಆಗಬಹುದು. ಇನ್ನೂ ನಾಲ್ಕು ಸೈಟಿನಲ್ಲಿ ಅದೇ ಓರೆ ಸಿಕ್ಕಿದ್ರೆ ಹಳೇ ಬಂದರಿನ ನಕ್ಷೆಯೇ ಎದ್ದು ಬರ್ತದೆ.

ಇತಿಹಾಸ ಪಾಠ ಮಾಡುವವರು

ಕಾನೂನಿನ ಭಯಕ್ಕೆ ಉತ್ತರ ಕೊಡ್ತೇನೆ, ನಿಮ್ಮ ಮಾವಂದಿರಿಗೆ ಓದಿ ಹೇಳಿ.

ಹಳೇ ಗೋಡೆ, ಮಡಕೆ ಚೂರು ಸಿಕ್ಕಿತು ಅಂತ ಯಾರೂ ರಾತ್ರೋರಾತ್ರಿ ಜಾಗ ಕಿತ್ತುಕೊಳ್ಳುದಿಲ್ಲ. 1958ರ ಕೇಂದ್ರದ ಕಾಯ್ದೆಯಲ್ಲಿ ಒಂದು ಜಾಗವನ್ನ ರಾಷ್ಟ್ರೀಯ ಮಹತ್ವದ್ದು ಅಂತ ಘೋಷಿಸ್ಬೇಕಾದ್ರೆ ಎರಡು ತಿಂಗಳ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳ್ಬೇಕು, ಗೆಜೆಟಿನಲ್ಲಿ ಬರ್ಬೇಕು. ರಾಜ್ಯಕ್ಕೆ ಬೇರೆ 1961ರ ಕಾಯ್ದೆ ಉಂಟು. ಜನ ಕೇಳಿರುವ ಆ 100 ಮೀಟರ್ ನಿಷೇಧ, ಅದರ ಮೇಲೆ 200 ಮೀಟರ್ ನಿಯಂತ್ರಣ ಅನ್ನುದು 2010ರ ತಿದ್ದುಪಡಿ, ಅದು ಈಗಾಗ್ಲೇ ಘೋಷಣೆಯಾದ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಮುತ್ತಲಿಗೆ ಮಾತ್ರ. ನಿಮ್ಮ ಜಾಗ ಅಂಥ ಸ್ಮಾರಕದ ಹತ್ರ ಇದ್ರೆ ಲೈಸೆನ್ಸ್ ಕೊಡುವಾಗಲೇ ಕೇಳ್ತಿದ್ರು.

ಹೇಳದೆ ಇದ್ರೆ ಕಷ್ಟ ಆಗುದು ಬೇರೆ ವಿಷಯಕ್ಕೆ. ನಾಣ್ಯ, ಚಿನ್ನ, ವಿಗ್ರಹ ಇಂಥದ್ದು ಮಣ್ಣಿನಿಂದ ಬಂದ್ರೆ ಅದು ನಿಧಿಯ ಲೆಕ್ಕಕ್ಕೆ ಬರ್ತದೆ. ಅದಕ್ಕೆ ಬ್ರಿಟಿಷರ 1878ರ ಕಾಯ್ದೆ, ಕರ್ನಾಟಕದ್ದೇ 1962ರ ಕಾಯ್ದೆ ಉಂಟು. ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸ್ಬೇಕು, ಅಡಗಿಸಿಟ್ರೆ ಅದು ಅಪರಾಧ. ಮತ್ತೆ ನೂರು ವರ್ಷ ದಾಟಿದ ಕಲಾವಸ್ತು, ನಾಣ್ಯ, ಶಿಲ್ಪ ಎಲ್ಲ 1972ರ ಪುರಾವಸ್ತು ಕಾಯ್ದೆಯ ಒಳಗೆ ಬರ್ತದೆ, ಹಸ್ತಪ್ರತಿಗೆ 75 ವರ್ಷ ಸಾಕು. ಕೆಲಸದವರ ಕೈಯಿಂದ ಒಂದು ನಾಣ್ಯ ಹೊರಗೆ ಹೋಗಿ ಮಾರಾಟ ಆದ್ರೆ ಮೊದಲು ವಿಚಾರಣೆ ಆಗುದು ಜಾಗದವರನ್ನೇ. ಹಾಗಾಗಿ ಕೆಲಸದವರಿಗೆ ಮೊದಲೇ ಪ್ರೀತಿಯಿಂದ ಹೇಳಿ ಇಡಿ, ಸಿಕ್ಕಿದ್ದನ್ನ ತಂದು ಕೊಟ್ಟವರಿಗೆ ಒಂದು ಊಟದ ದುಡ್ಡು ಕೊಡಿ.

ಮತ್ತೊಂದು, ಹಳೆ ವಸ್ತು ಹುಡುಕ್ಲಿಕ್ಕೆ ಅಂತಲೇ ನೀವು ಪ್ಲಾನಿನ ಹೊರಗೆ ಬೇರೆ ಗುಂಡಿ ತೋಡ್ಬೇಡಿ. ಉತ್ಖನನ ಮಾಡ್ಲಿಕ್ಕೆ ಪರವಾನಗಿ ಬೇಕು. ನಿಮ್ಮ ಲೈಸೆನ್ಸಿನ ಪ್ರಕಾರ ತೆಗೆಯುವ ಮಣ್ಣಿನಲ್ಲಿ ಕಂಡದ್ದನ್ನ ಬರ್ಕೊಳ್ಳುದು ಬೇರೆ.

ಎಲ್ಲಿಗೆ ಹೇಳುದು ಅಂದ್ರೆ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಅವರ ಮುಖ್ಯ ಕಚೇರಿ ಮೈಸೂರಿನಲ್ಲಿ, ಆದ್ರೆ ಮಂಗಳೂರಿನಲ್ಲೇ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಉಂಟಲ್ಲ, 1960ರಿಂದ ಇರುವುದು, ಅಲ್ಲಿಗೇ ಹೋಗಿ. ಒಂದು ಅರ್ಜಿ, ನಾಲ್ಕು ಫೋಟೋ, ಸರ್ವೆ ನಂಬರ್, ಆಳದ ಅಳತೆ. ಅದರ ಒಂದು ನಕಲನ್ನ ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಆ ಸೀಲ್ ನಿಮಗೇ ರಕ್ಷಣೆ. ಊರಿನ ಯಾವುದಾದ್ರೂ ಕಾಲೇಜಿನ ಇತಿಹಾಸ ವಿಭಾಗಕ್ಕೂ ಹೇಳಿ, ಮಕ್ಕಳು ಡ್ರಾಯಿಂಗ್ ಹಿಡ್ಕೊಂಡು ಬರ್ಲಿಕ್ಕೆ ಕಾಯ್ತಾ ಇರ್ತಾರೆ.

ಮತ್ತೆ ಮನೆಯಲ್ಲಿ ಹಳೇ ಪತ್ರ ಹುಡುಕಿ. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿದ್ದು, ಆ ಕಾಲದ ಅಡಂಗಲ್ (ಜಮೀನಿನ ದಾಖಲೆ), ಮೂಲಗೇಣಿ (ಶಾಶ್ವತ ಗೇಣಿ) ಪತ್ರ ಇದ್ರೆ ಅದರಲ್ಲಿ ಚಕ್ಬಂದಿ, ಅಂದ್ರೆ ನಾಲ್ಕು ಕಡೆಯ ಗಡಿ ಬರೆದಿರ್ತಾರೆ. ಪಡುವಲು ಹೊಳೆ, ಮೂಡಲು ಇಂಥವರ ಬಂಡಸಾಲೆ (ಗೋದಾಮು), ತೆಂಕಲು ಓಣಿ ಅಂತ. ಈಗ ಇಲ್ಲದ ಓಣಿ ಪತ್ರದಲ್ಲಿ ಇದ್ರೆ ನಿಮ್ಮ ಓರೆ ಗೋಡೆಗೆ ಅದೇ ಸಾಕ್ಷಿ ಆಗಬಹುದು.

ಬಾರ್ಕೂರು ಮಣಿಗಾರಕೇರಿ

ನಮ್ಮ ಊರಿನಲ್ಲಿ ತೆಂಗಿನ ಬುಡಕ್ಕೆ ಗೊಬ್ಬರ ಹಾಕ್ಲಿಕ್ಕೆ ಅಗೆದ್ರೂ ಮಡಕೆ ಚೂರು ಬರ್ತದೆ. ಕರಾವಳಿ ಆಳಿದ ಅಳುಪ ರಾಜರ ರಾಜಧಾನಿ, ವಿಜಯನಗರದ ಕಾಲದಲ್ಲಿ ಬಾರ್ಕೂರು ರಾಜ್ಯದ ಕೇಂದ್ರ, ಅಂಥ ಊರು. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದದ್ದು, ತೋಡಿಗೆ ಸಂಕ (ಕಾಲುಸೇತುವೆ) ಆದದ್ದು ನೋಡಿದವರು ಕರಾವಳಿಯಲ್ಲಿ ಎಷ್ಟೋ ಜನ. ಕೇರಳದ ಪಟ್ಟಣಂನಲ್ಲಿ ಮಳೆ ಬಂದಾಗ ಅಂಗಳದಲ್ಲಿ ಮಣಿ ಸಿಗ್ತಿತ್ತಂತೆ, 2007ರಿಂದ ಅಲ್ಲಿ ಕ್ರಮವಾಗಿ ಅಗೆದ್ರು, ರೋಮಿನ ಕಾಲದ ಜಾಡಿಯ ಚೂರು ಸಿಕ್ಕಿತು, ಅದೇ ಹಳೇ ಕಾಲದ ಮುಜಿರಿಸ್ ಬಂದರು ಇರಬಹುದು ಅಂತ ಅಗೆದವರು ಹೇಳ್ತಾರೆ. ನಮ್ಮ ಬಾರ್ಕೂರು, ಬಸ್ರೂರು, ಮಂಗಳೂರು ಯಾವುದಕ್ಕೆ ಕಡಿಮೆ? ಇಬ್ನ್ ಬತೂತ 1340ರ ದಶಕದಲ್ಲಿ ಮಂಗಳೂರಿಗೆ ಬಂದವ ಇಲ್ಲಿ ಸುಮಾರು 4000 ಮುಸಲ್ಮಾನರು ಇದ್ದಾರೆ, ಪರ್ಷಿಯಾ ಯಮನಿನ ವ್ಯಾಪಾರಿಗಳು ಇಳಿಯುವ ಊರು ಅಂತ ಬರೆದಿದ್ದಾನೆ. ಆ ಜನ ಉಂಡ ತಟ್ಟೆ, ಒಡೆದ ಮಡಕೆ ಎಲ್ಲಿ ಹೋಯ್ತು? ಬಂದರಿನ ಅಡಿಯಲ್ಲೇ ಇರ್ಬೇಕಲ್ಲ.

ಕಪ್ಪು ಮಣ್ಣು ಅಂದ್ರಲ್ಲ ಅಕ್ಕ, ಅದು ಬೂದಿ ಆಗಿರಬಹುದಾ? 1783-84ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದು, ಬ್ರಿಟಿಷರ ವಿರುದ್ಧ 1837ರ ದಂಗೆ ಎಲ್ಲ ಆಯ್ತಲ್ಲ.

ಉಡುಪಿಯವ, ಈಗ ಯಾರ್ಕ್‌ಶೈರ್

ಅಣ್ಣ, ಕಪ್ಪು ಕಂಡ ಕೂಡ್ಲೇ ಯುದ್ಧ ಅಂತ ಹೇಳುದು ಬೇಡ. ಒಲೆಯ ಬೂದಿ, ಕೊಳೆತ ಮಡಲು, ಚರಂಡಿಯ ಕೆಸರು ಎಲ್ಲ ಕಪ್ಪೇ. ಸುಟ್ಟದ್ದಾದ್ರೆ ಅಡಿಯ ಮಣ್ಣು ಕೆಂಪಾಗಿ ಗಟ್ಟಿಯಾಗಿರ್ತದೆ, ಇದ್ದಿಲಿನ ತುಂಡು ಕೈಗೆ ಬರ್ತದೆ. ಇದ್ದಿಲು ಸಿಕ್ಕಿದ್ರೆ ಬರಿಗೈಯಲ್ಲಿ ಮುಟ್ಟದೆ ಫಾಯಿಲ್ ಪೇಪರಿನಲ್ಲಿ ಸುತ್ತಿಡಿ, ಕಾರ್ಬನ್ ಡೇಟಿಂಗಿಗೆ ಬೇಕಾಗ್ತದೆ.

ಕಾಲ ಗೊತ್ತು ಮಾಡ್ಲಿಕ್ಕೆ ನಮ್ಮೂರಿನಲ್ಲಿ ಒಂದು ಸುಲಭದ ದಾರಿ ಉಂಟು, ಹಂಚು. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ಅಲ್ಬುಕರ್ಕ್‌ನವರದ್ದು 1868. ಮಷೀನಿನ ಹಂಚಿನ ಚೂರು ಒಂದು ಪದರದ ಒಳಗೆ ಇದ್ರೆ ಆ ಪದರ 1865ಕ್ಕಿಂತ ಹಿಂದಿನದ್ದಾಗ್ಲಿಕ್ಕೆ ಸಾಧ್ಯವೇ ಇಲ್ಲ. ಒಂದು ಜಾಗ್ರತೆ, ಹಂಚಿನ ಮೇಲೆ 1865 ಅಂತ ಒತ್ತಿದ್ರೆ ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಎಷ್ಟೋ ವರ್ಷ ಆಮೇಲಿನದ್ದಿರಬಹುದು. ಮೊದಲನೇ ಮಹಾಯುದ್ಧದ ನಂತರ ಆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯ್ತು, ಆ ಹೆಸರಿದ್ರೆ ಇನ್ನೂ ಈಚಿನದ್ದು. ಕೈಯಲ್ಲಿ ಮಾಡಿದ ನಾಡಹಂಚು ಮಾತ್ರ ಇದ್ದು ಮಷೀನ್ ಹಂಚು ಒಂದೂ ಇಲ್ಲದ ಪದರ ಬಂತಾ, ಅಲ್ಲಿಂದ ಕಣ್ಣು ತೆರೆದು ನೋಡಿ. ನೀಲಿ ಬಿಳಿ ತುಂಡಿನ ಅಡಿಭಾಗದ ಫೋಟೋ ಹಾಕಿ, ಚೀನಾದ್ದಾ ಅಥವಾ 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬರ್ತಿದ್ದ ಅಚ್ಚಿನ ತಟ್ಟೆಯಾ ಅಂತ ಹೆಚ್ಚಾಗಿ ಅಡಿ ನೋಡಿದ್ರೆ ಗೊತ್ತಾಗ್ತದೆ.

ಬಂದರ್ ಮೊಮ್ಮಗಳು

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅಪ್ಡೇಟ್ ಹಾಕ್ತಾ ಇದ್ದೇನೆ.

ಮಾವಂದಿರಿಗೆ ಆ ಕಾನೂನಿನ ಉತ್ತರವನ್ನ ಹಾಗೇ ಓದಿ ಹೇಳಿದೆ, ದೊಡ್ಡ ಮಾವ ಸುಮ್ಮನೆ ಕೇಳಿ ಎದ್ದು ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಹಳೇ ಮೂಲಗೇಣಿ ಪತ್ರ ತಂದು ಕೊಟ್ರು. ಅದರಲ್ಲಿ ಬಡಗಲು ದಿಕ್ಕಿಗೆ ಧಕ್ಕೆಗೆ ಹೋಗುವ ಓಣಿ ಅಂತ ಉಂಟು! ಈಗ ಅಲ್ಲಿ ಪಕ್ಕದವರ ಕಾಂಪೌಂಡ್. ಅರ್ಜಿ ಎರಡೂ ಕಡೆ ಕೊಟ್ಟಾಯ್ತು, ಸೀಲ್ ಹಾಕಿಸ್ಕೊಂಡೆ. ಬಿಲ್ಡರ್ ಹತ್ರ ಮೂಲೆಯನ್ನ ಕೊನೆಗೆ ಇಡಿ ಅಂತ ಕೇಳಿದ್ದಕ್ಕೆ ಮರುಮಾತಿಲ್ಲದೆ ಒಪ್ಪಿದ್ರು, ಬಕೆಟ್ ಬದಲಾಯಿಸಿದ್ರು. ಆಪರೇಟರ್ ಗದಗ ಕಡೆಯವ, ಎಷ್ಟು ಚಂದ ಹೆರೀತಾನೆ ಅಂದ್ರೆ ನೋಡ್ತಾ ನಿಲ್ಲಬೇಕು. ನಿನ್ನೆ ಅವನೇ ಮಷೀನ್ ನಿಲ್ಲಿಸಿ ಕರೆದ, ಮೇಡಂ ಇಲ್ಲಿ ಮಣ್ಣು ಬೇರೆ ಐತ್ರೀ ಅಂತ. ನೋಡಿದ್ರೆ ಗುಂಡಗೆ ಸುಟ್ಟ ಮಣ್ಣು, ಅಡಿ ಕೆಂಪಾಗಿ ಗಟ್ಟಿಯಾಗಿ ಉಂಟು, ಅದರ ಅಂಚಿನಲ್ಲಿ ಇದೇ ಹಸಿರು ಗಟ್ಟಿಯ ಸಣ್ಣ ಸಣ್ಣ ತುಂಡು, ಇದ್ದಿಲು. ಕಾಲೇಜಿನ ಮಕ್ಕಳು ಅವರ ಸರ್ ಒಟ್ಟಿಗೆ ಬಂದು ಗ್ರಾಫ್ ಶೀಟಿನಲ್ಲಿ ಎಲ್ಲ ಇಳಿಸಿದ್ರು. ಮಷೀನ್ ಹಂಚು ಮೇಲಿನ ಎರಡು ಪದರದಲ್ಲಿ ಮಾತ್ರ, ಗೋಡೆಯ ಬುಡದಲ್ಲಿ ಒಂದೂ ಇಲ್ಲ, ನಾಡಹಂಚು ಮಾತ್ರ.

ಈಗ ಎರಡು ಪ್ರಶ್ನೆ. ಚಿಪ್ಪಿನ ಮಣ್ಣು ಗೋಣಿಯಲ್ಲಿ ಇಟ್ಟದ್ದು ಹಸಿ ವಾಸನೆ ಬರ್ತಾ ಉಂಟು, ಬಿಸಿಲಿಗೆ ಹಾಕ್ಬಹುದಾ? ಮತ್ತೆ ಆ ಸುಟ್ಟ ಗುಂಡಿಯ ಮಣ್ಣನ್ನ ಪೂರ್ತಿ ತೆಗೀಬೇಕಾ ಅಥವಾ ಅರ್ಧ ಸಾಕಾ?

ಉಡುಪಿಯವ, ಈಗ ಯಾರ್ಕ್‌ಶೈರ್

ಅಕ್ಕ!! ಕಾಲ ಯಾವುದು ಅಂತ ಈಗಲೇ ಹೇಳ್ಲಿಕ್ಕೆ ಆಗುದಿಲ್ಲ, ಆದ್ರೆ ಅಲ್ಲಿ ಯಾರೋ ಲೋಹ ಕರಗಿಸಿದ್ದಾರೆ ಅನ್ನುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಡ.

ಗುಂಡಿಯನ್ನ ಈಗ ಮುಟ್ಟಬೇಡಿ, ಅದೇ ಮೂಲೆಯಲ್ಲಿ ಇದ್ರೆ ಟಾರ್ಪಾಲ್ ಮುಚ್ಚಿ ಇಡಿ, ಇಲಾಖೆಯವರಿಗೆ ಇವತ್ತೇ ಫೋನ್ ಮಾಡಿ ಲೋಹ ಕರಗಿಸುವ ಒಲೆ ಸಿಕ್ಕಿದ ಹಾಗೆ ಉಂಟು ಅಂತ ಹೇಳಿ, ಬರೀ ಗೋಡೆ ಅಂದ್ರೆ ಕಾದು ನೋಡ್ತಾರೆ, ಒಲೆ ಅಂದ್ರೆ ಬರ್ತಾರೆ. ಅವರು ಬಂದು ತೆಗೆಯುವಾಗ ಅರ್ಧ ಮೊದಲು ತೆಗೆದು ನಡುವಿನ ಕಡಿದ ಮುಖವನ್ನ ಡ್ರಾಯಿಂಗ್ ಮಾಡಿ ಆಮೇಲೆ ಉಳಿದರ್ಧ, ಮಣ್ಣು ಪೂರ್ತಿ ಇಟ್ಟುಕೊಳ್ಳಿ, ಅಯಸ್ಕಾಂತ ಹಿಡಿದು ನೋಡ್ಲಿಕ್ಕೂ ಉಂಟು, ಹನಿ ಹನಿಯಾಗಿ ಸಿಡಿದ ಲೋಹ ಸಿಗ್ಲಿಕ್ಕೂ ಉಂಟು. ಚಿಪ್ಪಿನ ಮಣ್ಣನ್ನ ಬಿಸಿಲಿಗೆ ಹಾಕ್ಬೇಡಿ, ಮುಳ್ಳು ಬಿರಿದು ಹುಡಿ ಆಗ್ತದೆ. ನೆರಳಿನಲ್ಲಿ ಗಾಳಿಯಾಡುವ ಕಡೆ ಗೋಣಿಯ ಬಾಯಿ ಬಿಚ್ಚಿ ಇಡಿ, ಒಳಗೊಂದು ಹೊರಗೊಂದು ಚೀಟಿ, ಪೆನ್ಸಿಲಿನಲ್ಲಿ ಬರೆದದ್ದು. ಮಾರ್ಕರ್ ಪೆನ್ ಮಳೆಗಾಲದ ತೇವಕ್ಕೆ ಅಳಿಸಿ ಹೋಗ್ಲಿಕ್ಕೂ ಸಾಕು.

ಸೈಟ್ ಇಂಜಿನಿಯರ್, ಸುರತ್ಕಲ್

ಟಾರ್ಪಾಲ್ ಮುಚ್ಚುವಾಗ ಅಂಚಿಗೆ ಮರಳಿನ ಚೀಲ ಇಡಿ, ಕಲ್ಲು ಇಟ್ರೆ ಒಳಗೆ ಉರುಳ್ತದೆ. ಪಂಪ್ ಬಂದ್ ಮಾಡ್ಬೇಡಿ, ಒಂದು ರಾತ್ರಿ ಬಂದ್ ಆದ್ರೂ ಬೆಳಿಗ್ಗೆ ಆ ಒಲೆ ನೀರಿನಡಿಯಲ್ಲಿ ಇರ್ತದೆ. ವಾಚ್‌ಮನ್ ಹತ್ರ ಡೀಸೆಲ್ ತುಂಬಿಸಿ ಇಡ್ಲಿಕ್ಕೆ ಹೇಳಿ. ಶನಿವಾರ ನಾನು ಆ ಕಡೆ ಬರ್ಲಿಕ್ಕುಂಟು, ಲೆವೆಲ್ ಮಷೀನ್ ತರ್ತೇನೆ, ಮಕ್ಕಳ ಡ್ರಾಯಿಂಗಿಗೆ ಒಂದು ಸರಿಯಾದ ಲೆವೆಲ್ ಹಾಕಿ ಕೊಡುವ.